ದೊಡ್ಡಪ್ಪನ ಬೀಟಲ್‌ಗೆ ಗ್ಯಾಸ್ ಸ್ಟ್ರಟ್ ಹಾಕಿದ್ದು ತಪ್ಪಾ?

1/8

ಕಳೆದ ವಾರ ಒಂದು ವಿಡಿಯೋ ಹಾಕಿದ್ದೆ, ನೋಡಿರ್ತೀರ. ನಮ್ಮ ದೊಡ್ಡಪ್ಪನ 1966ರ ಬೀಟಲ್, ಅದರ ಹಿಂದಿನ ಇಂಜಿನ್ ಮುಚ್ಚಳ ಒಂದು ಬೆರಳಲ್ಲಿ ಎತ್ತಿದ್ರೆ ಸಾಕು, ಆಮೇಲೆ ತಾನೇ ಮೆಲ್ಲಗೆ ಮೇಲೇಳುತ್ತೆ. ಲೈಕ್ ಬಂತು. ಜೊತೆಗೆ ಬೈಗುಳಾನೂ ಬಂತು. "ಇಷ್ಟು ವರ್ಷ ಒರಿಜಿನಲ್ ಆಗಿದ್ದ ಗಾಡೀನ ಹಾಳು ಮಾಡಿದ್ರಿ" ಅಂತ ಒಬ್ರು. "ಬಿಕಾಂ ಓದೋಳಿಗೆ ಸ್ಪ್ಯಾನರ್ ಯಾಕೆ" ಅಂತ ಇನ್ನೊಬ್ರು. ಎರಡನೇದಕ್ಕೆ ಉತ್ತರ ಕೊಡಲ್ಲ. ಮೊದಲನೇದಕ್ಕೆ ಕೊಡಲೇಬೇಕು, ಯಾಕಂದ್ರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಎಂಟು ಪೋಸ್ಟ್. ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಓದಿ, ನಿಂತ್ಕೊಂಡಿದ್ರೆ ಸೇವ್ ಮಾಡ್ಕೊಳ್ಳಿ.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ಹಳೇ ಕಾರಿಗೆ ಗ್ಯಾಸ್ ಸ್ಟ್ರಟ್ ಹಾಕೋದು ತಪ್ಪಲ್ಲ. ಆದ್ರೆ ಬಾಡಿಗೆ ಒಂದೇ ಒಂದು ತೂತು ಕೊರೆದ್ರೂ ತಪ್ಪು. ಲೆಕ್ಕ ಮಾಡದೆ ಹಾಕಿದ್ರೂ ತಪ್ಪು. ಈ ಮೂರು ವಾಕ್ಯ ಯಾಕೆ ಒಟ್ಟಿಗೆ ನಿಲ್ಲುತ್ತವೆ ಅನ್ನೋದೇ ಕಥೆ.

ಗೊತ್ತಿಲ್ಲದವರಿಗೆ: ಬೀಟಲ್‌ನಲ್ಲಿ ಎಲ್ಲಾ ಉಲ್ಟಾ. ಡಿಕ್ಕಿ ಮುಂದೆ, ಇಂಜಿನ್ ಹಿಂದೆ. ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯಿಂದಲೇ ತಂಪಾಗೋ ಇಂಜಿನ್. ಆ ಇಂಜಿನ್ ಮೇಲಿನ ಮುಚ್ಚಳ ಮೇಲ್ಗಡೆ ಎರಡು ಕೀಲಿಗೆ ನೇತಾಡುತ್ತೆ. ಕಂಪನಿಯವರು ಅಲ್ಲೊಂದು ಸ್ಪ್ರಿಂಗ್ ಕೊಟ್ಟಿದ್ರು, ಮುಚ್ಚಳ ಎತ್ತಿದ್ರೆ ನಿಲ್ಲೋಕೆ. ನಮ್ಮ ಕಾರಿನ ಸ್ಪ್ರಿಂಗ್‌ಗೂ ವಯಸ್ಸಾಗಿತ್ತು, ದೊಡ್ಡಪ್ಪನಿಗೂ ವಯಸ್ಸಾಗಿತ್ತು.

2/8

ಹೋದ ವರ್ಷ ಬೇಸಿಗೆ. ನಾನು, ದೊಡ್ಡಪ್ಪ, ದೊಡ್ಡಮ್ಮ ಮೂವರೂ ನಂಜನಗೂಡಿಗೆ ಹೊರಟಿದ್ವಿ. ಊರು ದಾಟಿ ಸ್ವಲ್ಪ ದೂರ ಹೋಗಿಲ್ಲ, ಮೀಟರ್‌ನಲ್ಲಿ ಕೆಂಪು ದೀಪ ಹತ್ತಿತು. ದೊಡ್ಡಪ್ಪ ತಕ್ಷಣ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿದ್ರು. "ಬೆಲ್ಟ್ ಹೋಯ್ತು" ಅಂದ್ರು.

ಬೇರೆ ಕಾರಲ್ಲಿ ಆ ದೀಪ ಹತ್ತಿದ್ರೆ ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಂತ, ಹೇಗೋ ಮನೆ ತನಕ ಓಡಿಸಬಹುದು. ಬೀಟಲ್‌ನಲ್ಲಿ ಹಾಗಿಲ್ಲ. ಇಂಜಿನ್ ತಂಪು ಮಾಡೋ ಫ್ಯಾನ್, ಜನರೇಟರಿನ ಶಾಫ್ಟ್‌ನ ಇನ್ನೊಂದು ತುದೀಲಿ ಇರುತ್ತೆ. ಬೆಲ್ಟ್ ಕಿತ್ತರೆ ಫ್ಯಾನೂ ನಿಂತ ಹಾಗೆ. ಓಡಿಸಿದ್ರೆ ಇಂಜಿನ್ ಸುಟ್ಟು ಹೋಗುತ್ತೆ. ಅದಕ್ಕೆ ಬೀಟಲ್ ಇಟ್ಟವರ ಟೂಲ್ ಬ್ಯಾಗಲ್ಲಿ ಒಂದು ಬೆಲ್ಟ್, ಒಂದು 21ರ ಸ್ಪ್ಯಾನರ್ ಇದ್ದೇ ಇರುತ್ತೆ. ರಸ್ತೆ ಬದಿಯಲ್ಲೇ ಬದಲಾಯಿಸಬೇಕು.

ಅದನ್ನ ಬದಲಾಯಿಸೋದು ಹೇಗೆ ಗೊತ್ತಾ? ಜನರೇಟರ್ ಪುಲ್ಲಿಯ ಕಚ್ಚಿನಲ್ಲಿ ಒಂದು ಕೈಯಿಂದ ಸ್ಕ್ರೂಡ್ರೈವರ್ ಸಿಕ್ಕಿಸಿ ಪುಲ್ಲಿ ತಿರುಗದ ಹಾಗೆ ಹಿಡೀಬೇಕು. ಇನ್ನೊಂದು ಕೈಯಿಂದ ನಟ್ ಬಿಚ್ಚಬೇಕು. ಪುಲ್ಲಿ ಎರಡು ಹೋಳಾಗಿ ಬರುತ್ತೆ, ನಡುವೆ ತೆಳ್ಳನೆ ವಾಷರ್‌ಗಳಿರ್ತವೆ, ಅವನ್ನ ಹೆಚ್ಚು ಕಡಿಮೆ ಮಾಡಿ ಬೆಲ್ಟ್ ಬಿಗಿ ಮಾಡಬೇಕು. ಅಂದ್ರೆ ಎರಡೂ ಕೈ ಒಳಗೆ, ತಲೆ ಮುಚ್ಚಳದ ಕೆಳಗೆ.

ಹಾಗಾದ್ರೆ ಮುಚ್ಚಳ ಹಿಡಿಯೋದು ಯಾರು? ನಾನು. ಹಿಡ್ಕೊಂಡಿದ್ದೆ. ದೊಡ್ಡಮ್ಮ ನೀರು ಕೇಳಿದ್ರು, ಬಾಟಲಿ ಕೊಡೋಕೆ ಎರಡು ಹೆಜ್ಜೆ ಹೋದೆ. ಸ್ಪ್ರಿಂಗ್ ನಿಲ್ಲಿಸಿಕೊಂಡಿದೆ ಅನ್ಕೊಂಡಿದ್ದೆ. ಪಕ್ಕದಲ್ಲೇ ಒಂದು ಲಾರಿ ಭರ್ ಅಂತ ಹೋಯ್ತು, ಗಾಳಿಗೆ ಮುಚ್ಚಳ ದಡ್ ಅಂತ ಬಿತ್ತು. ದೊಡ್ಡಪ್ಪನ ಬಲಗೈ ಪುಲ್ಲಿ ಮೇಲಿತ್ತು.

ಮೂರು ಹೊಲಿಗೆ. ಒಂದು ಉಗುರು ಕಪ್ಪಾಗಿ ಉದುರಿತು. ಅಷ್ಟಕ್ಕೇ ಮುಗೀತು ಅನ್ನೋದು ಪುಣ್ಯ, ಇಂಜಿನ್ ಓಡ್ತಿದ್ದಿದ್ರೆ ಬೆರಳೇ ಇರ್ತಿರಲಿಲ್ಲ.

3/8

ನಿಜವಾದ ಪೆಟ್ಟು ಬಿದ್ದಿದ್ದು ಅದಾದ ಮೇಲೆ. ದೊಡ್ಡಮ್ಮ ಒಂದೇ ಮಾತು ಹೇಳಿದ್ರು: "ಮಾರಿಬಿಡಿ." ದೊಡ್ಡಪ್ಪ ಏನೂ ಹೇಳಲಿಲ್ಲ. ಕಾರಿಗೆ ಹೊದಿಕೆ ಹಾಕಿದ್ರು. ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದು ರೌಂಡ್ ಹೋಗಿಬರೋ ಅಭ್ಯಾಸ ನಿಂತುಹೋಯ್ತು. ಅವರಿಗೆ ಭುಜದ ನೋವು ಬೇರೆ, ಬಲಗೈ ತಲೆ ಮೇಲೆ ಏಳಲ್ಲ. ಒಬ್ಬರೇ ಇದ್ದಾಗ ಎಣ್ಣೆ ಮಟ್ಟ ನೋಡೋಕೂ ಭಯ. ಎಣ್ಣೆ ನೋಡದೆ ಆ ಗಾಡಿ ಓಡಿಸೋ ಮನುಷ್ಯ ಅವರಲ್ಲ. ಹೀಗೆ ಏಳು ತಿಂಗಳು ಕಾರು ಶೆಡ್ಡಲ್ಲೇ ಇತ್ತು. ಓಡದ ಹಳೇ ಕಾರು ಏನಾಗುತ್ತೆ ಅಂತ ನಿಮಗೂ ಗೊತ್ತು. ಪೆಟ್ರೋಲ್ ಕೆಡುತ್ತೆ, ಬ್ರೇಕ್ ಹಿಡ್ಕೊಳ್ಳುತ್ತೆ, ರಬ್ಬರ್ ಒಣಗುತ್ತೆ, ಇಲಿ ವೈರ್ ಕಡಿಯುತ್ತೆ.

ಅಕೌಂಟೆನ್ಸೀಲಿ ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ವಲ್ಲ, ಗೋಯಿಂಗ್ ಕನ್ಸರ್ನ್ ಅಂತ. ವ್ಯವಹಾರ ಮುಂದುವರಿಯುತ್ತೆ ಅನ್ನೋ ನಂಬಿಕೆ ಮೇಲೆ ಆಸ್ತಿಗೆ ಬೆಲೆ ಕಟ್ತೀವಿ. ಮುಂದುವರಿಯಲ್ಲ ಅಂತ ಆದ ದಿನ ಅದೇ ಆಸ್ತಿ ಗುಜರಿ ಲೆಕ್ಕಕ್ಕೆ ಇಳಿಯುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಸಾಲು ನನಗೆ ಅರ್ಥ ಆಗಿದ್ದು ಶೆಡ್ಡಲ್ಲಿ. ಓಡಿಸೋರು ಇರೋ ತನಕ ಅದು ಕಾರು. ಓಡಿಸೋದು ನಿಂತ ದಿನದಿಂದ ಅದು ಶೋಕಿ ತಗಡು.

ಹಾಗಾಗಿ "ಒರಿಜಿನಲ್ ಉಳಿಸಬೇಕು" ಅಂತ ಹೇಳೋರಿಗೆ ನನ್ನ ಮೊದಲ ಪ್ರಶ್ನೆ: ಏನನ್ನ ಉಳಿಸಬೇಕು? ಬರೀ ಬೋಲ್ಟುಗಳನ್ನಾ, ಅಥವಾ ಆ ಕಾರನ್ನ ಓಡಿಸೋ ಮನುಷ್ಯನನ್ನೂನಾ?

4/8

ಈಗ ಎದುರು ಪಕ್ಷದ ಮಾತನ್ನ ನಿಯತ್ತಾಗಿ ಕೇಳೋಣ. ಅವರ ಅತಿ ಗಟ್ಟಿ ವಾದ ಇದು: ಸ್ಪ್ರಿಂಗ್ ಹೋಗಿದ್ರೆ ಹೊಸ ಸ್ಪ್ರಿಂಗ್ ಹಾಕಿ, ಗ್ಯಾಸ್ ಯಾಕೆ? ಒಪ್ಪಿದೆ. ನಿಮ್ಮ ಕಾರಿಗೆ ಸರಿಯಾದ ಸ್ಪ್ರಿಂಗ್ ಸಿಕ್ಕಿದ್ರೆ ಅದನ್ನೇ ಹಾಕಿ, ಈ ಪೋಸ್ಟ್ ಮರೆತುಬಿಡಿ. ನಾವೂ ಮೊದಲು ಅದನ್ನೇ ಮಾಡಿದ್ವಿ. ಹುಡುಕಿ ಹುಡುಕಿ ತರಿಸಿದ ಸ್ಪ್ರಿಂಗ್ ಬೇರೆ ವರ್ಷದ ಮಾಡೆಲ್‌ದು, ನಮ್ಮ ಕೀಲಿಗೆ ಕೂರಲಿಲ್ಲ. ಅಲ್ಲದೆ ಆ ಸ್ಪ್ರಿಂಗ್ ಬಿಚ್ಚೋದು, ಕೂರಿಸೋದು ಮಕ್ಕಳಾಟ ಅಲ್ಲ, ಬಿಗಿಯಲ್ಲಿರುತ್ತೆ, ಜಾರಿದ್ರೆ ಮುಖಕ್ಕೇ ಬರುತ್ತೆ.

ಎರಡನೇ ವಾದ: ಗ್ಯಾಸ್ ಸ್ಟ್ರಟ್ ಈಗಿನ ಕಾಲದ್ದು, ಹಳೇ ಕಾರಿಗೆ ಒಪ್ಪಲ್ಲ. ಇದನ್ನ ಒಪ್ಪಲ್ಲ. ಜರ್ಮನಿಯ ಕೊಬ್ಲೆಂಜ್‌ನ ಸ್ಟಾಬಿಲಸ್ ಕಂಪನಿ ಗ್ಯಾಸ್ ಸ್ಪ್ರಿಂಗ್‌ಗಳನ್ನ ದೊಡ್ಡ ಪ್ರಮಾಣದಲ್ಲಿ ಮಾಡೋಕೆ ಶುರು ಮಾಡಿದ್ದು 1962ರಲ್ಲಿ. ನಮ್ಮ ಕಾರು 1966ರದು. ಅಂದ್ರೆ ಸ್ಟ್ರಟ್ಟೇ ಕಾರಿಗಿಂತ ದೊಡ್ಡದು! ಬೀಟಲ್ ಕೂಡ ಮ್ಯೂಸಿಯಮ್‌ಗೆ ಅಂತ ಮಾಡಿದ ಗಾಡಿ ಅಲ್ಲ. 1938ರಲ್ಲಿ ಶುರುವಾಗಿ 2003ರ ಜುಲೈ 30ಕ್ಕೆ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯದು ಹೊರಬರೋ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರು ಆಗಿತ್ತು. ಜನ ಓಡಿಸ್ತಾ, ರಿಪೇರಿ ಮಾಡ್ತಾ, ಬದಲಾಯಿಸ್ತಾ ಬಂದ ಗಾಡಿ ಅದು.

ಮೂರನೇ ವಾದ: ಸ್ಟ್ರಟ್ ಹತ್ತು ವರ್ಷಕ್ಕೆ ಗ್ಯಾಸ್ ಬಿಟ್ಟು ಸೋತುಹೋಗುತ್ತೆ, ಸ್ಪ್ರಿಂಗ್ ಐವತ್ತು ವರ್ಷ ಬಾಳಿಕೆ ಬಂತು. ನಿಜ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಒಪ್ಪಿಗೆ ಮಾತ್ರ ಇದೆ. ಸ್ಟ್ರಟ್ ಅಂದ್ರೆ ಟೈರ್ ಇದ್ದ ಹಾಗೆ, ಸವೆಯೋ ವಸ್ತು. ವರ್ಷಕ್ಕೊಮ್ಮೆ ನೋಡಬೇಕು, ಮೆತ್ತಗಾದ್ರೆ ಬದಲಾಯಿಸಬೇಕು.

5/8

ಈಗ ನಾವು ಮಾಡಿದ ದೊಡ್ಡ ತಪ್ಪು. ಸಮರ್ಥನೆ ಮಾತ್ರ ಬರೆದು ತಪ್ಪು ಮುಚ್ಚಿಟ್ರೆ ಅದು ವಿಂಡೋ ಡ್ರೆಸ್ಸಿಂಗ್ ಆಗುತ್ತೆ.

ಗ್ಯಾರೇಜಲ್ಲಿ ಇದನ್ನ "ಡಿಕ್ಕಿ ಶಾಕ್" ಅಂತಾರೆ. ಗುಜರೀಲಿ ಯಾವುದೋ ಸಣ್ಣ ಕಾರಿನ ಹಿಂಬಾಗಿಲಿನದು ಒಂದು ಸಿಕ್ತು. ಮೈಮೇಲೆ 400 ಎನ್ ಅಂತ ಅಚ್ಚಾಗಿತ್ತು. ಎನ್ ಅಂದ್ರೆ ನ್ಯೂಟನ್, ಅದು ಎಷ್ಟು ಬಲದಿಂದ ತಳ್ಳುತ್ತೆ ಅನ್ನೋ ಅಳತೆ. ಹತ್ತು ನ್ಯೂಟನ್ ಹೆಚ್ಚು ಕಡಿಮೆ ಒಂದು ಕೆಜಿ ಭಾರ. ಆಗ ಅದನ್ನ ನೋಡಲೇ ಇಲ್ಲ. ಎಡಗಡೆ ಒಂದೇ ಸ್ಟ್ರಟ್, ತಾತ್ಕಾಲಿಕವಾಗಿ ಕ್ಲಾಂಪ್ ಹಾಕಿ ಸಿಕ್ಕಿಸಿದ್ವಿ. ಹಳೇ ಸ್ಪ್ರಿಂಗನ್ನೂ ಬಿಚ್ಚಲಿಲ್ಲ. ಲಾಕ್ ಬಿಡಿಸಿದ್ದೇ ತಡ, ಮುಚ್ಚಳ ಫಟ್ ಅಂತ ಹಾರಿತು. ಮುಚ್ಚೋಕೆ ಹೋದ್ರೆ ಬಲಗಡೆ ಕೂತ್ಕೊಳ್ಳುತ್ತೆ, ಎಡಗಡೆ ಎದ್ದಿರುತ್ತೆ. ತಗಡು ತಿರುಚಿಕೊಳ್ತಾ ಇತ್ತು. ಐದು ನಿಮಿಷದಲ್ಲಿ ಬಿಚ್ಚಿದ್ವಿ, ಇಲ್ಲದಿದ್ರೆ ಕೀಲೋ ಮುಚ್ಚಳವೋ ಶಾಶ್ವತವಾಗಿ ಬಾಗ್ತಿತ್ತು. ಆಗ ನನ್ನನ್ನ ಬೈದವರು ನ್ಯಾಯವಾಗೇ ಬೈತಿದ್ರು.

ಅವತ್ತು ರಾತ್ರಿ ಪಿಯುಸಿಗೆ ಸೈನ್ಸ್ ತಗೊಂಡಿದ್ದ ಕಸಿನ್‌ಗೆ ಫೋನ್ ಮಾಡಿದೆ. ಅವನು ಹೇಳಿದ್ದು ಒಂದೇ: "ತಕ್ಕಡಿ ನೆನಪಿದೆಯಾ? ಭಾರ ಗುಣಿಸು ದೂರ, ಎರಡೂ ಕಡೆ ಸಮ ಇರಬೇಕು." ಅಷ್ಟೇ ಗುರು, ಡೆಬಿಟ್ ಈಕ್ವಲ್ಸ್ ಕ್ರೆಡಿಟ್!

6/8

ಲೆಕ್ಕ ಇದು. ನಿಮ್ಮ ಕಾರಿಗೆ ನೀವೇ ಅಳೀಬೇಕು, ನಮ್ಮ ಸಂಖ್ಯೆ ಕಾಪಿ ಮಾಡಬೇಡಿ.

ಮುಚ್ಚಳ ಬಿಚ್ಚಿ ತೂಗಿದ್ವಿ: ಸುಮಾರು 7 ಕೆಜಿ, ಅಂದ್ರೆ 70 ನ್ಯೂಟನ್. ಒಂದು ಪೈಪ್ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೋಲ ಆಗುತ್ತೆ ನೋಡಿದ್ವಿ: ಕೀಲಿನಿಂದ 30 ಸೆಂಟಿಮೀಟರ್. ಸಾಮಾನ್ಯ ಕಾರಿನ ಬಾನೆಟ್ ಮುಚ್ಚಿದಾಗ ಮಲಗಿರುತ್ತೆ, ಅಲ್ಲಿ ಎತ್ತೋ ಮೊದಲ ಕ್ಷಣವೇ ಕಷ್ಟ. ಬೀಟಲ್ ಮುಚ್ಚಳ ಮುಚ್ಚಿದಾಗ ನೇತಾಡುತ್ತೆ, ಪೂರ್ತಿ ತೆಗೆದಾಗ ಚಾವಣಿ ಥರ ಮಲಗುತ್ತೆ. ಹಾಗಾಗಿ ಇದರ ಭಾರ ಅತಿ ಹೆಚ್ಚು ಗೊತ್ತಾಗೋದು ತೆಗೆದಾಗಲೇ. ಆ ಸ್ಥಿತಿಗೆ ಲೆಕ್ಕ: 70 ಗುಣಿಸು 0.30, ಒಟ್ಟು 21.

ತೆಗೆದಾಗ ಸ್ಟ್ರಟ್ ತಳ್ಳೋ ಗೆರೆ ಕೀಲಿನಿಂದ ಎಷ್ಟು ದೂರ ಹಾದುಹೋಗುತ್ತೆ? ನಾವು ಆರಿಸಿದ ಜಾಗದಲ್ಲಿ 10 ಸೆಂಟಿಮೀಟರ್. 21ನ್ನ 0.10ರಿಂದ ಭಾಗಿಸಿದ್ರೆ 210 ನ್ಯೂಟನ್. ಗ್ಯಾಸ್ ಸ್ವಲ್ಪ ಸೋತರೂ ನಿಲ್ಲಲಿ ಅಂತ ಹತ್ತು ಹದಿನೈದು ಪರ್ಸೆಂಟ್ ಜಾಸ್ತಿ ಸೇರಿಸಿ: ಸುಮಾರು 240. ಒಂದೇ ಕಡೆ ಹಾಕಿದ್ರೆ ತಗಡು ತಿರುಚುತ್ತೆ, ಅದಕ್ಕೆ ಎರಡೂ ಕಡೆ 120, 120. ಹಳೇ ಸ್ಪ್ರಿಂಗ್ ಹೊರಗೆ.

400ರ ಸ್ಟ್ರಟ್ ಯಾಕೆ ಹಾರಿತು ಅಂತ ಈಗ ಅರ್ಥ ಆಯ್ತಲ್ಲ? ಬೇಕಾದ್ದಕ್ಕೆ ಹೆಚ್ಚು ಕಡಿಮೆ ಎರಡು ಪಟ್ಟು ಬಲ, ಅದೂ ಒಂದೇ ಪಕ್ಕಕ್ಕೆ, ಮೇಲೆ ಸ್ಪ್ರಿಂಗ್ ಬೋನಸ್.

ಇನ್ನೊಂದು ವಿಷಯ. ಸ್ಟ್ರಟ್ ಒಳಗಿರೋದು ಒತ್ತಿ ತುಂಬಿದ ನೈಟ್ರೋಜನ್. ಬಿಸಿಯಾದ್ರೆ ಬಲ ಏರುತ್ತೆ. 20 ಡಿಗ್ರಿಯಿಂದ 50 ಡಿಗ್ರಿಗೆ ಹೋದ್ರೆ ಹತ್ತು ಪರ್ಸೆಂಟ್ ಹೆಚ್ಚು. ಇಂಜಿನ್ ಪಕ್ಕದಲ್ಲೇ ಇರೋದ್ರಿಂದ ಇದನ್ನ ನೆನಪಲ್ಲಿಡಿ. ತಣ್ಣಗಿದ್ದಾಗಲೂ ನಿಲ್ಲಬೇಕು, ಬಿಸಿಯಾದಾಗಲೂ ಹಾರಬಾರದು. ಅಡುಗೆಮನೆ ಕಬೋರ್ಡಿಗೆ ಹಾಕೋ ಸ್ಟ್ರಟ್ ಅದೇ ಬಲದ್ದು ಅಗ್ಗಕ್ಕೆ ಸಿಗುತ್ತೆ, ಆದ್ರೆ ಅದರ ತುದಿ ಪ್ಲಾಸ್ಟಿಕ್. ಇಂಜಿನ್ ಶಾಖಕ್ಕೆ ಬೇಡ, ಕಬ್ಬಿಣದ ತುದಿ ಇರೋದೇ ತಗೊಳ್ಳಿ.

7/8

ಈಗ ತೂತಿನ ವಿಷಯ. ನಾವು ಮೊದಲು ಕೇಳಿದ ಗ್ಯಾರೇಜಿನವರು "ಎರಡು ತೂತು ಕೊರೆದು ಒಂದು ಪಟ್ಟಿ ವೆಲ್ಡ್ ಮಾಡಿಬಿಡ್ತೀನಿ, ಅರ್ಧ ಗಂಟೆ ಕೆಲಸ" ಅಂದ್ರು. ದೊಡ್ಡಪ್ಪ ಎದ್ದು ಬಂದ್ರು. ಅವರು ಮಾಡಿದ್ದು ಸರಿ.

ಒಂದು ಕಾರಣ ತುಕ್ಕು. ಕೊರೆದ ಅಂಚಲ್ಲಿ ಬಣ್ಣ ಇರಲ್ಲ, ಮಳೆಗಾಲ ಬಂದ್ರೆ ಅಲ್ಲಿಂದಲೇ ಶುರು. ಎರಡನೇ ಕಾರಣ ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂತು. 50 ವರ್ಷ ದಾಟಿದ ಗಾಡಿಗೆ ಹೊಸದಾಗಿ ನೋಂದಣಿ ಮಾಡಿಸಿದ್ರೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಅಕ್ಷರ ಬರುತ್ತೆ. ಮೊದಲೇ ನೋಂದಣಿ ಇದ್ದವರು ಹಳೇ ನಂಬರೇ ಉಳಿಸಿಕೊಳ್ಳಬಹುದು. ವಿಂಟೇಜ್ ಅನ್ನಿಸಿಕೊಳ್ಳಬೇಕಾದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್, ಇಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು. ಅಲ್ಲದೆ ಆ ನೋಂದಣಿ ಇದ್ದ ಗಾಡೀನ ದಿನಬಳಕೆಗೆ ಓಡಿಸೋ ಹಾಗಿಲ್ಲ. ದೊಡ್ಡಪ್ಪನ ಕಾರಿನ ನಂಬರ್ ಎಂವೈ ಅಂತ ಶುರುವಾಗುತ್ತೆ, ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರೋಕೂ ಮುಂಚಿನದು. ಅವರು ಇನ್ನೂ ವಿಂಟೇಜ್ ನೋಂದಣಿಗೆ ಹೋಗಿಲ್ಲ. ನಾಳೆ ಹೋಗಬೇಕು ಅನ್ನಿಸಿದ್ರೆ ಎರಡು ತೂತು ಅಡ್ಡ ಬರಬಾರದು.

ನಾವು ಮಾಡಿದ್ದು: ಲೇತ್ ಅಂಗಡೀಲಿ 3 ಮಿಲಿಮೀಟರ್ ಪ್ಲೇಟಿನಲ್ಲಿ ನಾಲ್ಕು ಪಟ್ಟಿ ಮಾಡಿಸಿದ್ವಿ. ಎರಡು ಬಾಡಿ ಕಡೆಯ ಕೀಲು ಬೋಲ್ಟಿನ ಕೆಳಗೆ, ಎರಡು ಮುಚ್ಚಳದ ಕಡೆಯ ಕೀಲು ಬೋಲ್ಟಿನ ಕೆಳಗೆ. ಮುಚ್ಚಳದ ಪಟ್ಟಿ ಉದ್ದ, ಒಳಮೈಗುಂಟ ಕೆಳಗಿಳಿದು ರಬ್ಬರ್ ತುಂಡಿನ ಮೇಲೆ ಕೂರುತ್ತೆ. ಪಟ್ಟಿಗೆ ಬಾಲ್ ಸ್ಟಡ್, ಅದಕ್ಕೆ ಸ್ಟ್ರಟ್. ಹೊಸ ತೂತು ಸೊನ್ನೆ. ವೆಲ್ಡಿಂಗ್ ಸೊನ್ನೆ. ಎಲ್ಲಾ ಸೇರಿ ಎರಡು ಸಾವಿರ ರೂಪಾಯಿ ಒಳಗೆ.

ಮಾಡೋರಿಗೆ ನಾಲ್ಕು ಎಚ್ಚರಿಕೆ:

ಒಂದು, ಸ್ಪ್ರಿಂಗ್ ಬಿಚ್ಚುವಾಗ ಮತ್ತೊಬ್ಬರು ಜೊತೆಗಿರಲಿ, ಮುಚ್ಚಳಕ್ಕೆ ಗಟ್ಟಿ ಕೋಲು ಕೊಡಿ.

ಎರಡು, ಮುಚ್ಚಳ ಮುಚ್ಚಿದಾಗ ಸ್ಟ್ರಟ್‌ನ ಹೊಳೆಯೋ ರಾಡ್ ಕೆಳಮುಖ ಇರಲಿ. ಒಳಗೆ ಸ್ವಲ್ಪ ಎಣ್ಣೆ ಇರುತ್ತೆ, ಅದು ಸೀಲಿನ ಮೇಲೆ ನಿಂತ್ರೆ ಸೀಲ್ ಒಣಗಲ್ಲ. ಕಾರು ದಿನದ ಬಹುಪಾಲು ಹೊತ್ತು ಮುಚ್ಚಿಯೇ ಇರುತ್ತಲ್ಲ.

ಮೂರು, ಆ ರಾಡನ್ನ ಇಕ್ಕಳದಲ್ಲಿ ಹಿಡೀಬೇಡಿ, ಬಣ್ಣ ಬಳೀಬೇಡಿ. ಒಂದು ಗೀರು ಬಿದ್ರೆ ಸೀಲ್ ಹೋಯ್ತು, ಗ್ಯಾಸ್ ಹೋಯ್ತು.

ನಾಲ್ಕು, ಹಳೇ ಸ್ಟ್ರಟ್ಟನ್ನ ಕತ್ತರಿಸಬೇಡಿ, ಬೆಂಕಿಗೆ ಹಾಕಬೇಡಿ. 8 ಮಿಲಿಮೀಟರ್ ರಾಡ್ ಇರೋ 400 ನ್ಯೂಟನ್ ಸ್ಟ್ರಟ್ ಒಳಗೆ ಸುಮಾರು 80 ಬಾರ್ ಒತ್ತಡ ಇರುತ್ತೆ. ಕಾರಿನ ಟೈರಿನಲ್ಲಿ ಇರೋದು ಎರಡರ ಆಸುಪಾಸು. ಯೋಚನೆ ಮಾಡಿ.

8/8

ಹಳೇ ಸ್ಪ್ರಿಂಗ್ ಏನಾಯ್ತು? ಗ್ರೀಸ್ ಹಚ್ಚಿ, ಬಟ್ಟೆ ಸುತ್ತಿ, ಒಂದು ಬಿಸ್ಕತ್ ಡಬ್ಬೀಲಿ ಇಟ್ಟಿದೀವಿ. ಜೊತೆಗೆ ಒಂದು ಚೀಟಿ: ಯಾವ ದಿನ ತೆಗೆದ್ವಿ, ಏನು ಹಾಕಿದ್ವಿ, ವಾಪಸ್ ಹಾಕೋದು ಹೇಗೆ. ನಾಳೆ ಈ ಕಾರು ನನಗೆ ಬರಲಿ, ಇನ್ಯಾರಿಗೋ ಹೋಗಲಿ, ಅವರು ಅರ್ಧ ಗಂಟೇಲಿ ಎಲ್ಲಾ ಬಿಚ್ಚಿ 1966ಕ್ಕೆ ವಾಪಸ್ ಕಳಿಸಬಹುದು. ನಮ್ಮ ಭಾಷೆಯಲ್ಲಿ ಇದು ಫುಲ್ ಡಿಸ್‌ಕ್ಲೋಷರ್. ಬದಲಾವಣೆ ಮಾಡಿ ಮುಚ್ಚಿಟ್ರೆ ಮೋಸ. ಬದಲಾವಣೆ ಮಾಡಿ ಬರೆದಿಟ್ರೆ ಅದೂ ಆ ಕಾರಿನ ಇತಿಹಾಸವೇ.

ಹಾಗಾಗಿ ನನ್ನ ಅಳತೆಗೋಲು ಮೂರು ಪ್ರಶ್ನೆ. ಯಾವ ಹಳೇ ಗಾಡಿಗೆ ಏನೇ ಹಾಕೋಕೆ ಹೊರಟರೂ ಕೇಳಿಕೊಳ್ಳಿ. ಇದು ಯಾರಾದ್ರೂ ಓಡಿಸೋಕೆ ನಿಜವಾಗಿ ಬೇಕಾ, ಅಥವಾ ರೀಲ್‌ಗೆ ಚೆನ್ನಾಗಿ ಕಾಣುತ್ತೆ ಅಂತಾನಾ? ಮೂಲಕ್ಕೆ ಗಾಯ ಆಗದ ಹಾಗೆ ಹಾಕಬಹುದಾ? ನಾಳೆ ಬೇಡ ಅನ್ನೋರಿಗೆ ವಾಪಸ್ ತೆಗೆಯೋ ದಾರಿ ಇದೆಯಾ? ಮೂರಕ್ಕೂ ಹೌದು ಅಂದ್ರೆ ಮಾಡಿ. ಒಂದಕ್ಕೆ ಇಲ್ಲ ಅಂದ್ರೂ ಕೈಬಿಡಿ. ಇದೇ ಪ್ರಶ್ನೆ ಕೇಳಿದ್ರೆ ಅಲಾಯ್ ವ್ಹೀಲು, ಟಚ್ ಸ್ಕ್ರೀನು ಎಷ್ಟೋ ಹೊರಗೆ ಬೀಳ್ತವೆ. ಅದೂ ಸರಿನೇ.

ನಾನು ಹಾಕಿದ ವಿಡಿಯೋದಲ್ಲಿ ನೀವು ಗಮನಿಸದೇ ಇರೋದು ಒಂದಿದೆ. ಮುಚ್ಚಳ ಎತ್ತಿದ್ದು ನಾನಲ್ಲ. ಆ ಕೈ ದೊಡ್ಡಪ್ಪನದು, ಎಡಗೈ. ಬಲಗೈಲಿ ಎಣ್ಣೆ ನೋಡೋ ಕಡ್ಡಿ ಒರೆಸೋ ಬಟ್ಟೆ ಇತ್ತು. ಏಳು ತಿಂಗಳಾದ ಮೇಲೆ ಮೊದಲ ಸಲ ಅವರು ಒಬ್ಬರೇ ಶೆಡ್ಡಿಗೆ ಹೋಗಿದ್ರು, ಯಾರನ್ನೂ ಕರೀಲಿಲ್ಲ. ನಾನು ಬಾಗಿಲಲ್ಲಿ ನಿಂತು ಶೂಟ್ ಮಾಡಿದ್ದು ಅವರಿಗೆ ಗೊತ್ತೇ ಇಲ್ಲ. ಈ ಭಾನುವಾರ ಒಂದು ರೌಂಡ್ ಹೋಗಿಬಂದ್ವಿ. ದೊಡ್ಡಮ್ಮ ಬರಲಿಲ್ಲ, ಆದ್ರೆ "ಮಾರಿಬಿಡಿ" ಅಂತಾನೂ ಅನ್ನಲಿಲ್ಲ. "ಬೆಲ್ಟ್ ಇಟ್ಕೊಂಡ್ರಾ?" ಅಂತ ಮಾತ್ರ ಕೇಳಿದ್ರು.

ನಿಮ್ಮ ಅಭಿಪ್ರಾಯ ಬೇರೆ ಇದ್ರೆ ಕಾಮೆಂಟಲ್ಲಿ ಬರೀರಿ. ಬೈಯೋದಾದ್ರೂ ಸರಿ, ಕಾರಣ ಕೊಟ್ಟು ಬೈಯಿರಿ. ನಿಮ್ಮನೇಲೂ ಅಜ್ಜನದೋ ಮಾವನದೋ ಹಳೇ ಗಾಡಿ ಹೊದಿಕೆ ಕೆಳಗೆ ಮಲಗಿದ್ರೆ, ಅದು ಯಾಕೆ ನಿಂತಿದೆ ಅಂತ ಒಂದ್ಸಲ ಕೇಳಿ ನೋಡಿ. ನಿಲ್ಲಿಸಿದ್ದು ಇಂಜಿನ್ ಅಲ್ಲದೇ ಇರಬಹುದು.

#ಹಳೇಗಾಡಿ #ಬೀಟಲ್ #ಗ್ಯಾಸ್‌ಸ್ಟ್ರಟ್ #ದೊಡ್ಡಪ್ಪನಕಾರು #ಬಿಕಾಂಹುಡುಗಿಯಸ್ಪ್ಯಾನರ್